ಗಂಟಿನೊಳಗೆ ಕಾಲಿಟ್ಟ ಟಿ ಕಣಗಳು

(ಹುಲ್ಲಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟ ಮನೆಯವರು ವಿಷಯ ಗೊತ್ತುಮಾಡುವಾಗ ನನ್ನನ್ನು ನೇರವಾಗಿಯೇ ಕೇಳಿದರು: "ಕ್ಯಾನ್ಸರಿಗೆ ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ ಡಾಕ್ಟ್ರೇ, ಅದು ಏನು ಮಾಡುತ್ತೆ? ನಮ್ಮಂಥವರಿಗೂ ಸಿಗುತ್ತಾ?" ಇವತ್ತಿನ ಮಾತೆಲ್ಲ ಆ ಎರಡು ಪ್ರಶ್ನೆಗಳ ಸುತ್ತಲೇ. ನಾನು ಪೆಥಾಲಜಿಯವನು. ರೋಗಿಯಿಂದ ತೆಗೆದ ಚೂರು ಮಾಂಸವನ್ನು ಗಾಜಿನ ಸ್ಲೈಡಿನ ಮೇಲೆ ನೋಡಿ ಇದು ಇಂಥ ರೋಗ ಎಂದು ಬರೆದುಕೊಡುವುದು ನನ್ನ ಕೆಲಸ. ಈ ಹೊಸ ಔಷಧಿಗಳ ವಿಷಯವನ್ನೂ ಅಲ್ಲಿಂದಲೇ ಹೇಳುತ್ತೇನೆ. ಅವು ಯಾರಿಗೆ ಹತ್ತುತ್ತವೆ, ಯಾರಿಗೆ ಹತ್ತುವುದಿಲ್ಲ ಎಂಬುದರ ಸುಳಿವು ಬಹುಮಟ್ಟಿಗೆ ಆ ಸ್ಲೈಡಿನಲ್ಲೇ ಇದೆ.

ಯಾವ ಕ್ಯಾನ್ಸರಿನ ಮಾತಾಡಬೇಕು ಎಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಊರುಗಳಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಹಾಕಿಕೊಳ್ಳದ ಮನೆ ಹುಡುಕುವುದು ಕಷ್ಟ. ಗಂಡಸರಷ್ಟೇ ಅಲ್ಲ, ನಾಟಿ ಕಳೆಗೆ ಹೋಗುವ ಹೆಂಗಸರ ಸೊಂಟದಲ್ಲೂ ಸಂಚಿ ಇರುತ್ತದೆ. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನಕ್ಕೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬರುತ್ತದೆ ಎಂಬುದು 2022ರ ಅಂತರರಾಷ್ಟ್ರೀಯ ಅಂದಾಜು. ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಪಶ್ಚಿಮದ ದೇಶಗಳಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆಯಲ್ಲಿ ಹುಟ್ಟಿದರೆ ನಮ್ಮಲ್ಲಿ ಕೆನ್ನೆಯ ಒಳಗೋಡೆ ಮತ್ತು ವಸಡಿನ ಸಂದಿಯಲ್ಲಿ, ಅಂದರೆ ತಾಂಬೂಲವನ್ನು ಒತ್ತರಿಸಿಕೊಳ್ಳುವ ಜಾಗದಲ್ಲೇ ಹುಟ್ಟುತ್ತದೆ. ಹೊಗೆಸೊಪ್ಪು ಹಾಕದಿದ್ದರೆ ತೊಂದರೆಯಿಲ್ಲ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಅದು ನಿಜವಲ್ಲ. ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ, ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದು ಚೀಟಿಯಲ್ಲಿ ಅಂಗಡಿಯ ಮುಂದೆ ನೇತಾಡಿದ್ದನ್ನು ನೀವೇ ಕಂಡಿದ್ದೀರಿ.

ಈಗ ಸ್ಲೈಡಿಗೆ ಬರೋಣ. ಬಾಯಿ ಕ್ಯಾನ್ಸರಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗುಲಾಬಿ ಬಣ್ಣದ ಕ್ಯಾನ್ಸರ್ ಕೋಶಗಳು ದ್ವೀಪಗಳ ಹಾಗೆ ಹರಡಿರುವುದು ಕಾಣುತ್ತದೆ. ಅವುಗಳ ನಡುವೆ, ಇಲ್ಲವೇ ಅಂಚಿನಲ್ಲಿ, ಇನ್ನೊಂದು ಬಗೆಯ ಕಣಗಳಿರುತ್ತವೆ: ಗುಂಡಗೆ, ಚಿಕ್ಕದಾಗಿ, ಗಾಢ ನೀಲಿಯಾಗಿ. ಇವು ಲಿಂಫೋಸೈಟುಗಳು, ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ಇವುಗಳಲ್ಲಿ ಟಿ ಕಣ ಎಂಬುವು ಸೋಂಕು ತಗುಲಿದ ಕೋಶವನ್ನೂ ಕೆಟ್ಟ ಕೋಶವನ್ನೂ ಗುರುತಿಸಿ ಮುಟ್ಟಿ ಕೊಲ್ಲಬಲ್ಲವು. ಎಷ್ಟೋ ಕಾಲ ನಮ್ಮ ವರದಿಗಳಲ್ಲಿ ಇವಕ್ಕೆ ಅರ್ಧ ಸಾಲು ಮಾತ್ರ ಸಿಗುತ್ತಿತ್ತು. ಈಗ ಕ್ಯಾನ್ಸರ್ ಕೋಶಗಳನ್ನು ನೋಡಿದಷ್ಟೇ ಗಮನ ಕೊಟ್ಟು ಇವನ್ನೂ ನೋಡಬೇಕು ಎಂಬುದು ಈ ಮೂವತ್ತು ವರ್ಷಗಳ ಸಂಶೋಧನೆ ಕಲಿಸಿದ ಪಾಠ.

ದೇಹದ ರಕ್ಷಣೆ ಕ್ಯಾನ್ಸರನ್ನೂ ತಡೆಯುತ್ತದೆ ಎಂಬ ಊಹೆ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರಲ್ಲೇ, ಜೋರು ಚರ್ಮದ ಸೋಂಕು ಬಂದ ರೋಗಿಯೊಬ್ಬನ ಗಂಟು ಕರಗಿದ ದಾಖಲೆ ಓದಿ, ತನ್ನ ರೋಗಿಗಳಿಗೆ ರೋಗಾಣುಗಳನ್ನೇ ಚುಚ್ಚಿದ್ದ. ಕೆಲವರ ಗಂಟು ಕರಗಿತು, ಕೆಲವರು ಸೋಂಕಿನಿಂದಲೇ ಸತ್ತರು, ಯಾಕೆ ಹೀಗೆ ಎಂದು ಹೇಳಲು ಆಗ ಯಾರಿಗೂ ಆಗಲಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡು, ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಮಾತ್ರೆಗಳನ್ನು ಜೀವನವಿಡೀ ನುಂಗುವವರಲ್ಲಿ ಚರ್ಮದ ಮತ್ತು ತುಟಿಯ ಕ್ಯಾನ್ಸರ್ ಹೆಚ್ಚು ಕಾಣಿಸಿಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಅಂದರೆ ಕಾವಲು ಇರುವುದು ಖಂಡಿತ. ಹಾಗಾದರೆ ಕಾವಲು ಇದ್ದೂ ಗಂಟು ಬೆಳೆಯುವುದು ಹೇಗೆ?

ಇದಕ್ಕೆ ಉತ್ತರದ ಮೊದಲ ಪಾಲು ಸಿಕ್ಕಿದ್ದು 1990ರ ದಶಕದಲ್ಲಿ. ಟಿ ಕಣ ತಾನಾಗಿ ಕೆರಳುವುದಿಲ್ಲ. ಅನ್ಯವಸ್ತುವನ್ನು ಗುರುತಿಸುವುದು ಒಂದು ಸಂಕೇತ, ಅದರ ಜೊತೆಗೆ ಇನ್ನೊಂದು ಒಪ್ಪಿಗೆಯ ಸಂಕೇತ, ಎರಡೂ ಬೇಕು. ಕೆರಳಿದ ಮೇಲೆ ಅದನ್ನು ತಣಿಸುವ ಏರ್ಪಾಡೂ ಬೇಕು, ಇಲ್ಲದಿದ್ದರೆ ಒಂದು ನೆಗಡಿಗೆ ಎದ್ದ ಸೈನ್ಯ ನಮ್ಮ ಶ್ವಾಸಕೋಶವನ್ನೇ ತಿಂದುಹಾಕೀತು. ತಣಿಸುವ ಈ ಕೆಲಸಕ್ಕೆ ಟಿ ಕಣದ ಮೈಮೇಲೇ ಕೆಲವು ಅಣುಗಳಿವೆ. ಇಮ್ಯೂನ್ ಚೆಕ್‌ಪಾಯಿಂಟ್ ಅಂತ ಹೇಳುವುದು ಇವನ್ನೇ. ನಾನು ತಡೆ ಅಣು ಎನ್ನುತ್ತೇನೆ. ಅಮೆರಿಕದ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಎಂಬ ತಡೆ ಅಣುವನ್ನು ಒಂದು ಪ್ರತಿಕಾಯದಿಂದ ಮುಚ್ಚಿದರೆ ಇಲಿಗಳ ಗಂಟು ಕರಗುತ್ತದೆ ಎಂದು 1996ರಲ್ಲಿ ತೋರಿಸಿದರು.  ಅದಕ್ಕೂ ಮೊದಲೇ, 1992ರಲ್ಲಿ, ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ ಪಿಡಿ-1 ಎಂಬ ಅಣುವನ್ನು ಪತ್ತೆಮಾಡಿತ್ತು. ಅದು ತಡೆ ಅಣು ಎಂದು ಖಚಿತವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಪಿಡಿ-1 ಇಲ್ಲದ ಇಲಿಗಳನ್ನು ಸಾಕಿ ನೋಡಿದಾಗ, ಅವುಗಳ ರಕ್ಷಣಾ ವ್ಯವಸ್ಥೆ ತಮ್ಮ ಮೈಯನ್ನೇ ತಿನ್ನಲು ಶುರುಮಾಡಿದ್ದು ಕಂಡಿತು. 2018ರ ವೈದ್ಯಕೀಯ ನೊಬೆಲ್ ಈ ಇಬ್ಬರಿಗೂ ಸಂದಿತು.

ಕ್ಯಾನ್ಸರ್ ಕೋಶದ ಕುಟಿಲತನ ಇರುವುದು ಇಲ್ಲೇ. ಅದು ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಅಣುವನ್ನು ಮೂಡಿಸಿಕೊಳ್ಳುತ್ತದೆ. ಕೊಲ್ಲಲು ಬಂದ ಟಿ ಕಣದ ಪಿಡಿ-1 ಅದಕ್ಕೆ ಕಚ್ಚಿಕೊಂಡ ಕೂಡಲೇ ಟಿ ಕಣ ಅಲ್ಲೇ ಸೋತು ನಿಲ್ಲುತ್ತದೆ. ಟಿ ಕಣ ಬಂದು ಹೋರಾಡುವಾಗ ಬಿಡುಗಡೆ ಮಾಡುವ ಇಂಟರ್‌ಫೆರಾನ್ ರಾಸಾಯನಿಕವೇ ಪಿಡಿ-ಎಲ್1 ಹೆಚ್ಚಾಗಲು ಒಂದು ದೊಡ್ಡ ಕಾರಣ. ಹಾಗಾಗಿ ಪಿಡಿ-ಎಲ್1 ಹೆಚ್ಚಿರುವುದು ಬರೀ ಕೆಟ್ಟ ಸುದ್ದಿಯಲ್ಲ. ಅಲ್ಲಿ ಜಗಳ ನಡೆದಿದೆ ಎಂಬುದಕ್ಕೆ ಗುರುತು. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಎಂಬ ಇಂಜೆಕ್ಷನ್ನುಗಳು ಪಿಡಿ-1ರ ಮೇಲೆ ಕೂತು ಆ ಹಿಡಿತವನ್ನು ತಪ್ಪಿಸುತ್ತವೆ. ಅವು ಕ್ಯಾನ್ಸರ್ ಕೋಶವನ್ನು ಮುಟ್ಟುವುದೇ ಇಲ್ಲ. ಕೀಮೋಗೂ ಇದಕ್ಕೂ ಇರುವ ಮೂಲ ವ್ಯತ್ಯಾಸ ಅದು.

ನಾಲೆಯ ನೀರಲ್ಲಿ ಬದುಕುವ ಊರಿನಲ್ಲಿ ಇದನ್ನು ಹೀಗೆ ಹೇಳಬಹುದು. ಗದ್ದೆ ಒಣಗುವುದಕ್ಕೆ ಎರಡು ಕಾರಣ ಇರಬಹುದು. ತೂಬಿನ ತನಕ ನೀರು ಬಂದು ನಿಂತಿದೆ, ಆದರೆ ತೂಬು ಮುಚ್ಚಿದೆ. ಅಥವಾ ತೂಬು ತೆರೆದೇ ಇದೆ, ಆದರೆ ನಾಲೆಯಲ್ಲೇ ನೀರಿಲ್ಲ, ಮೇಲೆಲ್ಲೋ ಒಡೆದು ಹೋಗಿದೆ. ಮೊದಲನೆಯದಾದರೆ ನೀರುಗಂಟಿ ಬಂದು ತೂಬು ಎತ್ತಿದರೆ ಸಾಕು. ಎರಡನೆಯದಾದರೆ ಎಷ್ಟು ಸಲ ತೂಬು ಎತ್ತಿದರೂ ಪ್ರಯೋಜನವಿಲ್ಲ. ಪಿಡಿ-1 ಇಂಜೆಕ್ಷನ್ ಎತ್ತುವುದು ತೂಬನ್ನು ಮಾತ್ರ.

ಅದಕ್ಕೇ ನಾವು ಸ್ಲೈಡಿನಲ್ಲಿ ನೋಡುವುದು ಟಿ ಕಣಗಳು ಎಲ್ಲಿವೆ ಎಂದು. ಕೆಲವು ಗಂಟುಗಳಲ್ಲಿ ಅವು ಕ್ಯಾನ್ಸರ್ ದ್ವೀಪಗಳ ಒಳಗೇ ನುಗ್ಗಿರುತ್ತವೆ. ಇನ್ನು ಕೆಲವಲ್ಲಿ ಗಂಟಿನ ಸುತ್ತ ನಾರಿನ ಪಟ್ಟಿಯಲ್ಲಿ ದಟ್ಟವಾಗಿ ನಿಂತಿರುತ್ತವೆ, ಒಳಗೆ ಒಂದೂ ಇರುವುದಿಲ್ಲ. ಮೂರನೆಯ ಬಗೆಯಲ್ಲಿ ಎಲ್ಲಿಯೂ ಇಲ್ಲ. ಇದು ಕೇವಲ ಕುತೂಹಲದ ಸಂಗತಿಯಲ್ಲ ಎಂದು ಮೊದಲು ಗಟ್ಟಿಯಾಗಿ ತೋರಿಸಿದ್ದು ಪ್ಯಾರಿಸಿನ ಜೆರೋಮ್ ಗ್ಯಾಲನ್ ಮತ್ತು ಸಂಗಡಿಗರು, 2006ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ. ಗಂಟಿನ ನಡುವೆ ಮತ್ತು ಅಂಚಿನಲ್ಲಿ ಎಷ್ಟು ಟಿ ಕಣ ಇವೆ ಎಂಬ ಎಣಿಕೆ, ಗಂಟು ಎಷ್ಟು ಆಳಕ್ಕೆ ಇಳಿದಿದೆ ಎಂಬ ನಮ್ಮ ಹಳೆಯ ಅಳತೆಗಿಂತ ಚೆನ್ನಾಗಿ ರೋಗಿಯ ಮುಂದಿನ ದಿನಗಳನ್ನು ಹೇಳಿತು. 2018ರಲ್ಲಿ 13 ದೇಶಗಳ 2681 ರೋಗಿಗಳಲ್ಲಿ ಅದೇ ಎಣಿಕೆಯನ್ನು ಪರೀಕ್ಷಿಸಿ ಒಪ್ಪಲಾಯಿತು. ಪೆಥಾಲಜಿಯವನಾಗಿ ಇದನ್ನು ಹೇಳುವಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಅದೇ ಸೂಕ್ಷ್ಮದರ್ಶಕ, ಅದೇ ಗಾಜು, ಅಲ್ಲಿ ಯಾವಾಗಲೂ ಇದ್ದ ನೀಲಿ ಕಣಗಳು.

ಟಿ ಕಣಗಳು ಒಳಗೆ ಹೋಗಿಯೇ ಇದ್ದಾಗ ತೂಬು ಎತ್ತಿದರೆ ಏನಾಗಬಹುದು ಎಂಬುದಕ್ಕೆ 2022ರಲ್ಲಿ ಅಮೆರಿಕದಿಂದ ಬಂದ ಒಂದು ವರದಿ ನೋಡಿ. ಗುದನಾಳದ ಕ್ಯಾನ್ಸರಿನಲ್ಲಿ ಒಂದು ವಿಶೇಷ ಬಗೆಯಿದೆ, ಡಿಎನ್‌ಎ ದುರಸ್ತಿ ಕೆಟ್ಟು ಸಾವಿರಾರು ತಪ್ಪುಗಳು ಸೇರಿಕೊಂಡದ್ದು. ಅಷ್ಟು ತಪ್ಪುಗಳಿದ್ದರೆ ಟಿ ಕಣಕ್ಕೆ ಗುರುತಿಸುವುದು ಸುಲಭ, ಗಂಟಿನ ತುಂಬ ಅವೇ ಇರುತ್ತವೆ. ಇಂಥ 12 ರೋಗಿಗಳಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಪಿಡಿ-1 ಔಷಧಿ ಮಾತ್ರ ಕೊಟ್ಟರು. ಹನ್ನೆರಡೂ ಜನರ ಗಂಟು ಪೂರ್ತಿ ಮಾಯವಾಯಿತು, ಶಸ್ತ್ರಕ್ರಿಯೆ ಇಲ್ಲದೆ, ವಿಕಿರಣ ಇಲ್ಲದೆ. ಪತ್ರಿಕೆಗಳು ಕ್ಯಾನ್ಸರಿಗೆ ಮದ್ದು ಸಿಕ್ಕಿತು ಎಂದು ಬರೆದವು. ಗುದನಾಳದ ಕ್ಯಾನ್ಸರಿನಲ್ಲೂ ಆ ಬಗೆ ನೂರಕ್ಕೆ ಐದರಿಂದ ಹತ್ತು ಮಾತ್ರ ಎಂಬುದು ತಲೆಬರಹದಲ್ಲಿ ಇರಲಿಲ್ಲ.

ನಮ್ಮ ಬಾಯಿ ಕ್ಯಾನ್ಸರ್ ಅಷ್ಟು ಸರಳವಲ್ಲ. ಇದರಲ್ಲಿ ಟಿ ಕಣಗಳು ಸಾಕಷ್ಟು ಬರುತ್ತವೆ, ಆದರೆ ಬಹಳ ದಿನ ಹೋರಾಡಿ ದಣಿದಿರುತ್ತವೆ. ಪಿಡಿ-1 ಅಲ್ಲದೆ ಲ್ಯಾಗ್-3, ಟಿಮ್-3, ಟಿಜಿಟ್ ಎಂಬ ಇನ್ನಷ್ಟು ತಡೆ ಅಣುಗಳು ಅವುಗಳ ಮೈಮೇಲೆ ಹುಟ್ಟಿಕೊಂಡಿರುತ್ತವೆ. ಕೊಲ್ಲುವ ಟಿ ಕಣಗಳ ಪಕ್ಕದಲ್ಲೇ, ಅವನ್ನು ಸುಮ್ಮನಿರಿಸುವ ಇನ್ನೊಂದು ಜಾತಿಯ ಟಿ ಕಣಗಳೂ ಕೂತಿರುತ್ತವೆ. ಅದಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ಭಾರತದ ವಿಜ್ಞಾನಿಗಳೇ ಕಂಡುಹಿಡಿದರು. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಕೆನ್ನೆ-ವಸಡಿನ ಕ್ಯಾನ್ಸರಿನ ಜೀನುಗಳನ್ನು ಓದಿ 2013ರಲ್ಲಿ ಪ್ರಕಟಿಸಿದರು. ಮತ್ತೆಮತ್ತೆ ಕೆಟ್ಟಿದ್ದ ಜೀನುಗಳಲ್ಲಿ ಕ್ಯಾಸ್ಪ್-8 ಎಂಬುದೊಂದು. ಟಿ ಕಣ ಬಂದು ಸಾಯಿ ಎಂದು ಸಂಕೇತ ಕೊಟ್ಟಾಗ ಕೋಶದೊಳಗೆ ಅದನ್ನು ದಾಟಿಸುವ ಪ್ರೊಟೀನಿನ ಜೀನು ಇದು. ಅದು ಕೆಟ್ಟರೆ ಕೊಲ್ಲುವವನು ಬಾಗಿಲಲ್ಲೇ ನಿಂತು ಕೂಗಿದರೂ ಒಳಗಿನವನಿಗೆ ಕೇಳುವುದಿಲ್ಲ. ತಾಂಬೂಲದ ಜಾಗದಲ್ಲಿ ಹುಟ್ಟುವ ಗಂಟು ಟಿ ಕಣಗಳ ಒತ್ತಡವನ್ನು ವರ್ಷಗಟ್ಟಲೆ ಅನುಭವಿಸಿ, ತಪ್ಪಿಸಿಕೊಳ್ಳುವ ದಾರಿ ಕಲಿತುಕೊಂಡಿದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಅಡಿಕೆಯ ಪಾತ್ರ ಇಲ್ಲಿ ಇನ್ನೂ ಒಂದಿದೆ. ದಿನವೂ ಅಡಿಕೆ ಅಗಿಯುವವರ ಕೆನ್ನೆ ಒಳಗೆ ಬಿಗಿದುಕೊಂಡು ಬಾಯಿ ತೆರೆಯಲಾಗದೆ ಹೋಗುವುದನ್ನು ನೀವು ನೋಡಿದ್ದೀರಿ. ಖಾರದ ಸಾರು ತಿಂದರೆ ಉರಿ, ಮುದ್ದೆಯ ತುತ್ತು ಒಳಗೆ ಹೋಗುವುದೂ ಕಷ್ಟ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ಅರೆಕೊಲಿನ್ ಮತ್ತಿತರ ವಸ್ತುಗಳು ಒಳಪದರದಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಕೆರಳಿಸಿ ನಾರು ಕಟ್ಟಿಸುತ್ತವೆ. ಬೇರೆ ಕ್ಯಾನ್ಸರುಗಳಲ್ಲಿ ಟಿ ಕಣಗಳನ್ನು ನಾರಿನ ಪಟ್ಟಿಯ ಹೊರಗೇ ನಿಲ್ಲಿಸುವುದೂ ಅದೇ ಟಿಜಿಎಫ್-ಬೀಟಾ ಎಂದು 2018ರ ಸಂಶೋಧನೆಗಳು ತೋರಿಸಿದವು. ಬೆಂಗಳೂರಿನ ಬಯೋಕಾನ್ ಕಂಪನಿಯಿಂದ ಹುಟ್ಟಿದ ಬೈಕಾರಾ ಎಂಬ ಸಂಸ್ಥೆ ತಲೆ-ಕುತ್ತಿಗೆಯ ಕ್ಯಾನ್ಸರಿಗಾಗಿ ಬೆಳೆಸುತ್ತಿರುವ ಔಷಧಿ ಕ್ಯಾನ್ಸರ್ ಕೋಶದ ಇಜಿಎಫ್‌ಆರ್ ಎಂಬ ಅಣುವಿಗೆ ಅಂಟಿಕೊಂಡು ಅಲ್ಲೇ ಟಿಜಿಎಫ್-ಬೀಟಾವನ್ನು ಹಿಡಿದುಹಾಕಲು ಮಾಡಿದ್ದು. ಅದನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟು ನೋಡುತ್ತಿದ್ದಾರೆ. ತೂಬಿನ ಜೊತೆ ನಾಲೆಯನ್ನೂ ಸರಿಮಾಡುವ ಇಂಥ ಯತ್ನಗಳ ಮೇಲೆ ನನಗೆ ಹೆಚ್ಚು ಭರವಸೆ.

ಸದ್ಯದ ಲೆಕ್ಕ ಏನು ಹೇಳುತ್ತದೆ? ಕೀಮೋ ಕೊಟ್ಟೂ ಮರಳಿದ ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ನಿವೊಲುಮ್ಯಾಬ್ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಒಂದು ವರ್ಷ ಬದುಕಿದವರು ನೂರಕ್ಕೆ 36, ಹಳೆಯ ಔಷಧಿಯಲ್ಲಿ ಸುಮಾರು 17. ಗಂಟು ಗಮನಾರ್ಹವಾಗಿ ಕುಗ್ಗಿದ್ದು ನೂರಕ್ಕೆ 13 ಜನರಲ್ಲಿ ಮಾತ್ರ. ಅಂದರೆ ಹೆಚ್ಚಿನವರಿಗೆ ಹತ್ತಲಿಲ್ಲ, ಹತ್ತಿದ ಕೆಲವರಿಗೆ ದೀರ್ಘಕಾಲ ಹತ್ತಿತು. ಯಾರಿಗೆ ಹತ್ತೀತು ಎಂದು ಮೊದಲೇ ಅಂದಾಜಿಸಲು ನಾವು ಮಾಡುವ ಪರೀಕ್ಷೆಗೆ ಸಿಪಿಎಸ್ ಎನ್ನುತ್ತಾರೆ. ಪಿಡಿ-ಎಲ್1 ಇರುವ ಕ್ಯಾನ್ಸರ್ ಕೋಶಗಳ ಜೊತೆಗೆ ಪಿಡಿ-ಎಲ್1 ಇರುವ ಲಿಂಫೋಸೈಟುಗಳನ್ನೂ ಮ್ಯಾಕ್ರೊಫೇಜು ಎಂಬ ರಕ್ಷಣಾ ಕಣಗಳನ್ನೂ ಸೇರಿಸಿ ಎಣಿಸುವುದು ಇದರ ವಿಶೇಷ. ಗಂಟಿನೊಳಗೆ ಬಂದವರಿಗೂ ಲೆಕ್ಕದಲ್ಲಿ ಪಾಲಿದೆ. ಈ ಅಂಕ 20 ಅಥವಾ ಹೆಚ್ಚಿದ್ದವರಲ್ಲಿ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟಾಗ ಮಧ್ಯಮ ಆಯಸ್ಸು 14.9 ತಿಂಗಳು, ಹಳೆಯ ಕೀಮೋ ಜೋಡಿಯಲ್ಲಿ 10.7 ತಿಂಗಳು. ನಿಮ್ಮ ಮನೆಯವರಿಗೆ ಯಾರಾದರೂ ಇಮ್ಯುನೊಥೆರಪಿ ಎಂದು ಸೂಚಿಸಿದರೆ, ಸಿಪಿಎಸ್ ಮಾಡಿಸಿದ್ದೀರಾ, ಎಷ್ಟು ಬಂತು ಎಂದು ಕೇಳುವುದು ನಿಮ್ಮ ಹಕ್ಕು. ಹೊಲ ಅಡ ಇಡುವ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಹೊಲದ ಮಾತು ಬಂದಿದ್ದರಿಂದ ಎರಡನೆಯ ಪ್ರಶ್ನೆಗೆ ಬರುತ್ತೇನೆ: ನಮ್ಮಂಥವರಿಗೆ ಸಿಗುತ್ತದೆಯೇ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಔಷಧಿ ಕೈಗೆಟುಕುತ್ತಿದ್ದುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಎಂಬ ಅಂದಾಜಿತ್ತು. ಇದನ್ನು ಮುಂದಿಟ್ಟುಕೊಂಡೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಒಂದು ಧೈರ್ಯದ ಕೆಲಸ ಮಾಡಿದರು. ಪಿಡಿ-1 ಔಷಧಿಯ ಮೊದಲ ಮನುಷ್ಯ ಪರೀಕ್ಷೆಗಳಲ್ಲೇ ಒಂದು ವಿಷಯ ಗೊತ್ತಾಗಿತ್ತು: ತೀರ ಸಣ್ಣ ಪ್ರಮಾಣ ಕೊಟ್ಟರೂ ಅದು ಟಿ ಕಣಗಳ ಬಹುಪಾಲು ಪಿಡಿ-1 ಅಣುಗಳ ಮೇಲೆ ಕೂರುತ್ತದೆ, ರಕ್ತದಲ್ಲಿ ಕಾಣದಷ್ಟು ಕಡಿಮೆಯಾದ ಮೇಲೂ ಎರಡು ತಿಂಗಳಿಗೂ ಹೆಚ್ಚು ಕಾಲ ಅಲ್ಲೇ ಇರುತ್ತದೆ. ಹಾಗಿದ್ದ ಮೇಲೆ ಅಷ್ಟು ದೊಡ್ಡ ಡೋಸು ಯಾಕೆ? ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಮಾಮೂಲಿ ಪ್ರಮಾಣದ ಹದಿನೆಂಟರಲ್ಲಿ ಒಂದು ಪಾಲು ಅದು. ಜೊತೆಗೆ ಅಗ್ಗದ ಮೂರು ಔಷಧಿ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್. ಗುಣಪಡಿಸಲಾಗದ ಹಂತದ 151 ರೋಗಿಗಳಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮೂರೇ ಔಷಧಿ, ಉಳಿದರ್ಧಕ್ಕೆ ಅದರ ಜೊತೆ ನಿವೊಲುಮ್ಯಾಬ್. 2022ರ ಕೊನೆಯಲ್ಲಿ ಪ್ರಕಟವಾದ ಫಲಿತಾಂಶ: ಒಂದು ವರ್ಷ ಬದುಕಿದವರು ನೂರಕ್ಕೆ 16.3ರಿಂದ 43.4ಕ್ಕೆ ಏರಿದರು. ತೀವ್ರ ಅಡ್ಡಪರಿಣಾಮ ಹೆಚ್ಚಲಿಲ್ಲ.

ಈ ಅಧ್ಯಯನದ ಮಿತಿಯನ್ನೂ ಹೇಳಬೇಕು. ಸಣ್ಣ ಡೋಸನ್ನು ಅವರು ದೊಡ್ಡ ಡೋಸಿನ ಎದುರು ಇಟ್ಟು ನೋಡಲಿಲ್ಲ. ಎರಡೂ ಸಮ ಎಂದು ಇದರಿಂದ ಹೇಳಲಾಗದು. ಆದರೆ ದೊಡ್ಡ ಡೋಸು ಎಟುಕದವನಿಗೆ ಆ ಮೂರು ಔಷಧಿಗಳ ಜೊತೆ ಸಣ್ಣ ಡೋಸು ಸಿಕ್ಕರೆ ಆಯಸ್ಸು ಹೆಚ್ಚುತ್ತದೆ ಎಂಬುದು ಸಾಬೀತಾಗಿದೆ. ಔಷಧಿ ಮಾರುವ ಯಾವ ಕಂಪನಿಗೂ ಈ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ಹೀಗೆ ಕೇಳಬೇಕಾದ್ದು ಸಾರ್ವಜನಿಕ ಆಸ್ಪತ್ರೆಗಳೇ, ಆ ಕೆಲಸಕ್ಕೆ ಹಣ ಒದಗಿಸಬೇಕಾದ್ದು ಸರ್ಕಾರವೇ. 2024ರ ಕೇಂದ್ರ ಬಜೆಟ್ಟಿನಲ್ಲಿ ಪಿಡಿ-ಎಲ್1 ಔಷಧಿ ಡುರ್ವಾಲುಮ್ಯಾಬ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದರು, ಒಳ್ಳೆಯದೇ. ಅದಕ್ಕಿಂತ ಮೈಸೂರು ಭಾಗದ ರೋಗಿಗೆ ಹೆಚ್ಚು ಉಪಯೋಗವಾಗುವುದು ಇಂಥ ಸಣ್ಣ ಡೋಸಿನ ಪದ್ಧತಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನೆಲೆಯೂರಿದಾಗ. ನಂಜನಗೂಡಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತುವವರಲ್ಲಿ ಬಹುತೇಕರು ಕೂಲಿ ಬಿಟ್ಟು ಬಂದವರು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ತಡೆ ತೆಗೆದ ಮೇಲೆ ಟಿ ಕಣ ಎಲ್ಲಿ ಬೇಕಾದರೂ ನುಗ್ಗಬಹುದು. ಥೈರಾಯ್ಡ್ ನಿಂತುಹೋಗುವುದು, ಭೇದಿ, ಕೆಮ್ಮು-ಉಬ್ಬಸ, ಅಪರೂಪಕ್ಕೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ, ಹೃದಯದ ಸ್ನಾಯುವಿನ ಉರಿಯೂತ. ಕೀಮೋ ಭೇದಿ ಎಂದು ಸುಮ್ಮನಿದ್ದರೆ ಕರುಳು ಹರಿಯಬಹುದು. ಸ್ಟೀರಾಯ್ಡ್ ಬೇಗ ಕೊಟ್ಟರೆ ಈ ಭೇದಿ ಹೆಚ್ಚಾಗಿ ಇಳಿಯುತ್ತದೆ. ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು: ಅಡಗಿದ್ದ ಕ್ಷಯ ಈ ಔಷಧಿಯಿಂದ ಕೆರಳಿದ ಪ್ರಕರಣಗಳು ವರದಿಯಾಗಿವೆ. ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಇನ್ನು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಪುಡಿ, ಕಷಾಯ, ಡಬ್ಬಿ ಮಾರುವವರಿಗೂ ನಾನು ಹೇಳಿದ ಈ ವಿಜ್ಞಾನಕ್ಕೂ ಯಾವ ಸಂಬಂಧವೂ ಇಲ್ಲ. ಪಿಡಿ-1ರ ಹಿಡಿತ ತಪ್ಪಿಸುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ನಂಬಿ ಮೂರು ತಿಂಗಳು ಕಳೆದು ಬಂದ ಗಂಟನ್ನು ಸ್ಲೈಡಿನಲ್ಲಿ ನೋಡುವುದು ನನ್ನ ಕೆಲಸದ ಅತ್ಯಂತ ನೋವಿನ ಭಾಗ.

ಈ ಇಂಜೆಕ್ಷನ್ ಇದ್ದರೆ ಆಪರೇಷನ್ ಬೇಡವೇ ಎಂದೂ ಕೇಳುತ್ತಾರೆ. ಬಾಯಿ ಕ್ಯಾನ್ಸರಿನಲ್ಲಿ ಬೇಕೇ ಬೇಕು. ಆದರೆ ಕ್ರಮ ಬದಲಾಗುತ್ತಿದೆ. ಆಪರೇಷನ್ನಿಗೆ ಮೊದಲು ಎರಡು ಸಲ, ಆಮೇಲೆ ವಿಕಿರಣದ ಜೊತೆಗೂ ನಂತರವೂ ಪೆಂಬ್ರೊಲಿಜುಮ್ಯಾಬ್ ಕೊಟ್ಟು, ಕೊಡದವರೊಡನೆ ಹೋಲಿಸಿದ 714 ಜನರ ಅಧ್ಯಯನ 2025ರಲ್ಲಿ ಬಂತು. ರೋಗ ಮರಳದೆ ಇರುವ ಮಧ್ಯಮ ಅವಧಿ 30 ತಿಂಗಳಿಂದ ಸುಮಾರು 52 ತಿಂಗಳಿಗೆ ಹೋಯಿತು. ಗಂಟು ಇನ್ನೂ ಇದ್ದಾಗ, ಕುತ್ತಿಗೆಯ ಗ್ರಂಥಿಗಳನ್ನು ತೆಗೆಯುವ ಮೊದಲು, ಟಿ ಕಣಗಳಿಗೆ ಶತ್ರುವನ್ನು ಗುರುತು ಹಿಡಿಯಲು ಕಾಲಾವಕಾಶ ಸಿಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಅದಕ್ಕಿಂತಲೂ ಮೊದಲಿನ ಹಂತವೊಂದಿದೆ. ಕೆನ್ನೆಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದು ಇನ್ನೂ ಕ್ಯಾನ್ಸರ್ ಆಗದ ದಿನಗಳು ಅವು. ಅಲ್ಲಿಯ ಬಯಾಪ್ಸಿಯಲ್ಲೂ ಪದರದ ಕೆಳಗೆ ಟಿ ಕಣಗಳು ಸಾಲುಗಟ್ಟಿರುವುದು ಕಾಣುತ್ತದೆ. ಅಡಿಕೆ, ಹೊಗೆಸೊಪ್ಪು ನಿಲ್ಲಿಸಿ, ಮಚ್ಚೆಯನ್ನು ತೆಗೆಸುವುದೋ ಕಣ್ಣಿಡುವುದೋ ಮಾಡಿದರೆ ದುಬಾರಿ ಇಂಜೆಕ್ಷನ್ನಿನ ತನಕ ಹೋಗುವುದನ್ನು ಎಷ್ಟೋ ಜನರಿಗೆ ತಪ್ಪಿಸಬಹುದು. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ ಆರ್. ಶಂಕರನಾರಾಯಣನ್ ಮತ್ತು ಸಂಗಡಿಗರು ಬಾಯಿ ತಪಾಸಣೆಯಿಂದ ಆಗುವ ಲಾಭವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಹೊಗೆಸೊಪ್ಪು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿಯಿತು.

30 ದಾಟಿದವರ ಬಾಯಿ ನೋಡುವುದು ಈಗ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ಇದೆ. ಆಶಾ ಕಾರ್ಯಕರ್ತೆಯರು ತುಂಬಿಸುವ ನಮೂನೆಯಲ್ಲಿ ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳಿವೆ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ತನ್ನದೇ ಮೂರು ಬೆರಳು ಉದ್ದಕ್ಕೆ ಹೋಗದಷ್ಟು ಬಿಗಿದ ಬಾಯಿ, ಕುತ್ತಿಗೆಯಲ್ಲಿ ನೋವಿಲ್ಲದ ಗಡ್ಡೆ: ಈ ನಾಲ್ಕರಲ್ಲಿ ಒಂದು ಕಂಡರೂ ಹಲ್ಲಿನ ವೈದ್ಯರ ಹತ್ತಿರವೋ ನಂಜನಗೂಡಿನ ತಾಲ್ಲೂಕು ಆಸ್ಪತ್ರೆಗೋ ಹೋಗಿ, ಬಯಾಪ್ಸಿ ಬೇಕೇ ಎಂದು ಕೇಳಿ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ಕಡಲೆಕಾಳಿನಷ್ಟು ಚೂರು ಸಾಕು, ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಪ್ರಶ್ನೆಗಳಿದ್ದರೆ ಈಗ ಕೇಳಿ. ಎಲ್ಲರೆದುರು ಕೇಳಲು ಸಂಕೋಚವಾದರೆ ಸಭೆ ಮುಗಿದ ಮೇಲೂ ನಾನು ಇಲ್ಲೇ ಇರುತ್ತೇನೆ.